ಶಂಕುಸ್ಥಾಪನೆಗೆ ಮುನ್ನ

ಬೆಂಗಳೂರಿನ ಉಪನಗರ ರೈಲುಮಾರ್ಗಗಳಿಗೆ ೨೦೨೨ನೆಯ ಇಸವಿ ಜೂನ್ ೨೦ರಂದು ಪ್ರಧಾನ ಮಂತ್ರಿಗಳು ಶಂಕುಸ್ಥಾಪನೆ ಮಾಡಿದಾಗ ೪೦ ತಿಂಗಳ ಗಡುವನ್ನು ಸಾರಲಾಗಿತ್ತು. ೨೦೨೫ರ ಅಕ್ಟೋಬರಿಗೆ ಆ ಗಡುವು ತೀರಿತು. ಅಷ್ಟರೊಳಗೆ ನಾಲ್ಕು ಮಾರ್ಗಗಳ ಪೈಕಿ ಒಂದರಲ್ಲಿಯೂ ಗಾಡಿ ಓಡಲಿಲ್ಲ. ಬೇಕಾದ ಜಾಗ ಸಕಾಲದಲ್ಲಿ ವಶಕ್ಕೆ ಬಾರದುದು ವಿಳಂಬದ ಕಾರಣಗಳಲ್ಲೊಂದು. ಜಾಗ ಕೈಸೇರದ ಕೆಲಸಕ್ಕೆ ಗಡುವನ್ನು ಯಾವ ಆಧಾರದ ಮೇಲೆ ಗೊತ್ತುಮಾಡಿದರೆಂದು ತೆರಿಗೆ ಕೊಡುವ ಪ್ರಜೆಗಳು ಕೇಳಿದರೆ ಅದು ಅಧಿಕಪ್ರಸಂಗವಾಗಲಾರದು.

ದೊಡ್ಡ ಕಾಮಗಾರಿಗಳನ್ನು ಹಂತಹಂತವಾಗಿ ಪಕ್ವಗೊಳಿಸುವ ಕ್ರಮವೊಂದು ಇಂಜನಿಯರುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಮೊದಲು ಅಗತ್ಯದ ವಿಚಾರ; ತರುವಾಯ ಹಲವು ಉಪಾಯಗಳಲ್ಲಿ ಒಂದರ ಆಯ್ಕೆ; ಅನಂತರ ನಕ್ಷೆ, ಜಾಗ, ಅಂದಾಜು ಪಟ್ಟಿಗಳ ನಿಷ್ಕರ್ಷೆ; ಕಟ್ಟುವುದು ಆಮೇಲೆ. ಒಂದೊಂದು ಹಂತದ ಕೊನೆಯಲ್ಲಿಯೂ ಒಂದೊಂದು ಬಾಗಿಲು. ಅಲ್ಲಿ ನಿಂತು 'ಮುಂದುವರಿಯಿರಿ' ಎನ್ನುವವನಿಗೆ 'ನಿಲ್ಲಿಸಿರಿ' ಎನ್ನುವ ಅಧಿಕಾರವೂ ಇರತಕ್ಕದ್ದು. ಕಾಗದದ ಮೇಲಿನ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ಕಾಂಕ್ರೀಟಿನ ತಪ್ಪು ಹಾಗಲ್ಲ.

ಆಸ್ಟ್ರೇಲಿಯದ ಸಿಡ್ನಿ ನಗರದ ಆಪೆರಾ ಹೌಸನ್ನು ನೋಡಿ. ಛಾವಣಿಯ ವಿನ್ಯಾಸ ನಿಷ್ಕರ್ಷೆಯಾಗುವ ಮೊದಲೇ, ೧೯೫೯ರಲ್ಲಿ ಕೆಲಸ ಹಿಡಿದರು. ಛಾವಣಿಯ ಭಾರವನ್ನು ತಳದ ಕಂಬಗಳು ಹೊರಲಾರವೆಂದು ಬಳಿಕ ತಿಳಿದು, ಕಟ್ಟಿದುದನ್ನೇ ಮತ್ತೆ ಕಟ್ಟಬೇಕಾಯಿತು. ೭೦ ಲಕ್ಷ ಡಾಲರಿನ ಅಂದಾಜು ೧೦ ಕೋಟಿ ೨೦ ಲಕ್ಷಕ್ಕೇರಿತು. ೧೯೬೩ರಲ್ಲಿ ಮುಗಿಯಬೇಕಾಗಿದ್ದುದು ೧೯೭೩ರಲ್ಲಿ ತೆರೆಯಿತು. ಅದು ಜಗದ್ವಿಖ್ಯಾತವಾಯಿತು, ನಿಜ. ನಮ್ಮ ಮೇಲುಸೇತುವೆಗಳನ್ನು ನೋಡಲು ಯಾರೂ ಹಡಗು ಹತ್ತಿ ಬರಲಾರರು.

ನಾರ್ವೆ ದೇಶದವರು ಬೇರೆ ದಾರಿ ಹಿಡಿದರು. ದೊಡ್ಡ ಕಾಮಗಾರಿಯ ಅಂದಾಜನ್ನು ಪಾರ್ಲಿಮೆಂಟಿನ ಮುಂದಿಡುವ ಮೊದಲು ಹೊರಗಿನ ತಜ್ಞರಿಂದ ಪರೀಕ್ಷೆ ಮಾಡಿಸತಕ್ಕದ್ದೆಂದು ೨೦೦೦ದಲ್ಲಿ ನಿಯಮ ಮಾಡಿದರು. ಉಪಾಯದ ಆಯ್ಕೆಯ ಹಂತಕ್ಕೂ ೨೦೦೫ರಲ್ಲಿ ಅದನ್ನು ವಿಸ್ತರಿಸಿದರು.

ನಮ್ಮಲ್ಲಿ ಇವಾವುವೂ ಇಲ್ಲವೆಂದಲ್ಲ. ವಿಸ್ತೃತ ವರದಿಗಳುಂಟು, ಮಂಜೂರಾತಿಯ ಸಮಿತಿಗಳುಂಟು. ಆದರೆ ಲಗ್ನ ನಿಶ್ಚಯವಾದ ಮೇಲೆ ಜಾತಕ ಕೂಡಿಸುವಂತೆ, ಕೆಲಸ ಮಾಡುವುದೆಂದು ಘೋಷಿಸಿದ ಮೇಲೆ ವರದಿ ಬರೆಯಿಸುವುದು ವಾಡಿಕೆಯಾಗಿದೆ. ಅಂತಹ ವರದಿಯಲ್ಲಿ 'ಬೇಡ' ಎಂಬ ಮಾತು ಹೇಗೆ ಬಂದೀತು? ಬರೆಯುವ ಅಧಿಕಾರಿಯನ್ನು ಮಾತ್ರ ದೂರಿ ಫಲವಿಲ್ಲ.

ಪರೀಕ್ಷೆಗಳಿಂದ ಕಾಲಹರಣವಾಗುವುದೆಂದು ಕೆಲವರು ಹೇಳುತ್ತಾರೆ. ಆಗಬಹುದು. ನಕ್ಷೆಯ ಮೇಜಿನ ಬಳಿ ಒಂದು ವರ್ಷ ಕಳೆದರೆ ಕೆಲವು ನೌಕರರ ಸಂಬಳ ಖರ್ಚಾಗುತ್ತದೆ. ಅರ್ಧ ಅಗೆದ ರಸ್ತೆಯಲ್ಲಿ ಒಂದು ವರ್ಷ ಕಳೆದರೆ ಸಾಲದ ಬಡ್ಡಿ, ಗುತ್ತಿಗೆದಾರನ ಪರಿಹಾರ, ಅಂಗಡಿಯವನ ವ್ಯಾಪಾರ ಎಲ್ಲವೂ ಹೋಗುತ್ತವೆ.

ಇನ್ನು ಮುಂದೆ ಸರಕಾರದವರು ಶಂಕುಸ್ಥಾಪನೆಯ ಆಹ್ವಾನಪತ್ರಿಕೆಯ ಜತೆಯಲ್ಲಿಯೇ, ಬೇಕಾದ ಭೂಮಿಯೆಷ್ಟು, ವಶಕ್ಕೆ ಬಂದುದೆಷ್ಟು, ಅಂದಾಜನ್ನು ಪರೀಕ್ಷಿಸಿದ ಹೊರಗಿನವರು ಯಾರು ಎಂಬುದನ್ನು ಪ್ರಕಟಿಸಲಿ.