ಬಿಪಿ ಮಾತ್ರೆ ನಿಲ್ಲಿಸುವ ಮುನ್ನ ಯಾರನ್ನು ಕೇಳಿದಿರಿ?

"ಈಗ ತಲೆಸುತ್ತು ಇಲ್ಲ, ತಲೆನೋವೂ ಇಲ್ಲ. ಇನ್ನು ಬಿಪಿ ಮಾತ್ರೆ ಯಾಕೆ?" ಈ ಮಾತು ನಿಮ್ಮ ಮನೆಯಲ್ಲೂ ಒಮ್ಮೆಯಾದರೂ ಕೇಳಿಬಂದಿರುತ್ತದೆ. ನನ್ನ ತಾಯಿಯೂ ಹೀಗೆಯೇ ಹೇಳಿದ್ದರು. ಕಾಮಾಕ್ಷಿಪಾಳ್ಯದ ಬಾಡಿಗೆ ಮನೆಯಲ್ಲಿ ನಾವು ಆರು ಜನ. ಆ ವರ್ಷ ರಮಝಾನ್ ಚಂದ್ರ ಕಾಣುತ್ತಲೇ ಅವರು ಮಾತ್ರೆಯ ಸ್ಟ್ರಿಪ್ಪನ್ನು ಕಪಾಟಿನೊಳಗೆ ಇಟ್ಟುಬಿಟ್ಟರು. ನಮ್ಮಲ್ಲಿ ಒಬ್ಬರೂ ಗಮನಿಸಲಿಲ್ಲ. ಮೂರನೇ ವಾರದ ಒಂದು ಸಂಜೆ ಇಫ್ತಾರ್‌ಗೆ ಪಕೋಡ ಕರಿಯುತ್ತಿದ್ದವರ ಕೈಯಿಂದ ಜಾಲರಿ ಜಾರಿ ಬಿತ್ತು. ಬಲಗೈ ಮೇಲೇಳಲಿಲ್ಲ, ಮಾತು ತೊದಲಿತು. ಅದು ಪಾರ್ಶ್ವವಾಯು ಆಗಿತ್ತು. ಅಲ್ಲಾಹನ ಕೃಪೆಯಿಂದ ಬದುಕುಳಿದರು. ಆದರೆ ಇಂದಿಗೂ ತಸ್ಬೀಹ್ ಮಣಿ ಎಣಿಸುವುದು ಎಡಗೈಯಲ್ಲಿ.

ಮಾತ್ರೆ ನಿಲ್ಲಿಸಿದ್ದು ಅವರು, ನಿಜ. ಆದರೆ "ಅಮ್ಮಾ, ಇವತ್ತು ಮಾತ್ರೆ ತಗೊಂಡ್ರಾ?" ಎಂದು ಕೇಳದೇ ಇದ್ದವರು ನಾವು ಐವರು. ಆದ್ದರಿಂದ ಈ ಬರಹ ರೋಗಿಗಳಿಗಷ್ಟೇ ಅಲ್ಲ, ಅವರ ಜೊತೆ ಒಂದೇ ದಸ್ತರ್‌ಖಾನಿನಲ್ಲಿ ಕೂತು ಉಣ್ಣುವ ಎಲ್ಲರಿಗೂ.

ನೋವಿಲ್ಲದ ಕಾಯಿಲೆ

ರಕ್ತದೊತ್ತಡ ಹೆಚ್ಚಾದಾಗ ಬಹಳಷ್ಟು ಜನರಿಗೆ ಏನೂ ಅನಿಸುವುದಿಲ್ಲ. ಅದೇ ಅದರ ಅಪಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಮಹಿಳೆಯರಲ್ಲಿ ಶೇ. 21 ಮತ್ತು ಪುರುಷರಲ್ಲಿ ಶೇ. 24 ಮಂದಿಗೆ ಈ ತೊಂದರೆ ಇದೆ. ಅಂದರೆ ಸರಿಸುಮಾರು ಐವರಲ್ಲಿ ಒಬ್ಬರು. ಒತ್ತಡ 140/90 ಅಥವಾ ಅದಕ್ಕಿಂತ ಮೇಲೆಯೇ ಉಳಿದರೆ ಮೆದುಳು, ಹೃದಯ, ಮೂತ್ರಪಿಂಡ, ಕಣ್ಣುಗಳ ರಕ್ತನಾಳಗಳು ಸದ್ದಿಲ್ಲದೆ ಹಾಳಾಗುತ್ತಾ ಹೋಗುತ್ತವೆ.

ಮಾತ್ರೆ ತಿಂದು ಬಿಪಿ 130ಕ್ಕೆ ಇಳಿದರೆ ಕಾಯಿಲೆ ಹೋಯಿತು ಎಂದಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ. ಕೊಡೆ ಹಿಡಿದಾಗ ಮೈ ನೆನೆಯಲಿಲ್ಲವೆಂದು ಮಳೆ ನಿಂತಿತೆಂದು ಹೇಳುತ್ತೇವೆಯೇ? ತೂಕ ಇಳಿಸಿ, ಉಪ್ಪು ಕಡಿಮೆ ಮಾಡಿದವರಿಗೆ ವೈದ್ಯರು ಡೋಸ್ ಇಳಿಸುವುದು, ಕೆಲವೊಮ್ಮೆ ಮಾತ್ರೆ ನಿಲ್ಲಿಸುವುದೂ ಉಂಟು. ಆದರೆ ಆ ತೀರ್ಮಾನ ವೈದ್ಯರದು. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೊನಿಡಿನ್‌ನಂಥ ಮಾತ್ರೆಗಳನ್ನು ಏಕಾಏಕಿ ನಿಲ್ಲಿಸಿದರೆ ಒತ್ತಡ ಅಥವಾ ಹೃದಯ ಬಡಿತ ಒಮ್ಮೆಲೇ ಏರಿ ಜೀವಕ್ಕೇ ಅಪಾಯವಾಗಬಹುದು.

ರಮಝಾನ್ ನೆಪವಾಗದಿರಲಿ

ಉಪವಾಸದ ತಿಂಗಳಲ್ಲಿ ಮಾತ್ರೆ ಬಿಡುವುದು ಭಕ್ತಿಯ ಲಕ್ಷಣ ಎಂದು ಕೆಲವರು ತಿಳಿದಿದ್ದಾರೆ. ಇದು ಪೂರ್ತಿ ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ರೋಗಿಗಳು ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಬಹುದೆಂಬ ರಿಯಾಯಿತಿ ಕುರ್‌ಆನಿನ ಅಲ್ ಬಕರ ಅಧ್ಯಾಯದಲ್ಲೇ ಇದೆ. ದೇಹ ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು.

ಸಂತೋಷದ ಸಂಗತಿಯೆಂದರೆ, ಬಿಪಿ ಹತೋಟಿಯಲ್ಲಿರುವ ಹೆಚ್ಚಿನವರಿಗೆ ಉಪವಾಸ ಮತ್ತು ಔಷಧ ಎರಡೂ ಸಾಧ್ಯ. ಆಮ್ಲೊಡಿಪಿನ್, ಟೆಲ್ಮಿಸಾರ್ಟಾನ್‌ನಂಥ ಮಾತ್ರೆಗಳನ್ನು ದಿನಕ್ಕೆ ಒಮ್ಮೆ ತೆಗೆದುಕೊಂಡರೆ ಸಾಕು. ಅದು ಸಹರಿಗೋ ಇಫ್ತಾರ್‌ಗೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು ಇನ್ನಷ್ಟು ಎಚ್ಚರ ವಹಿಸಬೇಕು. ನೀರಿಲ್ಲದೆ ಹದಿಮೂರು ಹದಿನಾಲ್ಕು ಗಂಟೆ ಕಳೆಯುವ ದೇಹದಿಂದ ಇನ್ನಷ್ಟು ನೀರು ಹೋದರೆ ತರಾವೀಹ್‌ನಲ್ಲಿ ಸುಜೂದಿನಿಂದ ಏಳುವಾಗ ಕಣ್ಣು ಕತ್ತಲೆ ಬರಬಹುದು. ಆದ್ದರಿಂದ ಶಾಬಾನ್ ತಿಂಗಳಲ್ಲೇ ವೈದ್ಯರ ಬಳಿ ಹೋಗಿ, "ಡಾಕ್ಟರೇ, ನಾನು ಉಪವಾಸ ಹಿಡಿಯಬೇಕು, ಸಮಯ ಬದಲಿಸಿಕೊಡಿ" ಎಂದು ಕೇಳಿ. ಎದೆನೋವು, ಮೂತ್ರಪಿಂಡದ ತೊಂದರೆ ಇರುವವರಿಗೆ, ಈಚೆಗೆ ಪಾರ್ಶ್ವವಾಯು ಆದವರಿಗೆ ವೈದ್ಯರು ಬೇಡವೆಂದರೆ ಅದನ್ನು ಒಪ್ಪಿಕೊಳ್ಳಿ.

ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಬೇಡ

ನಮ್ಮಲ್ಲಿ ಉಪ್ಪು, ಸಕ್ಕರೆ ಕಡ ಕೊಟ್ಟಂತೆ ಮಾತ್ರೆಯನ್ನೂ ಕಡ ಕೊಡುತ್ತೇವೆ. ಅತ್ತೆಯ ಮಾತ್ರೆ ಸೊಸೆಗೆ, ಪಕ್ಕದ ಮನೆಯ ಮಾತ್ರೆ ನಮಗೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್ ಗುಂಪಿನ ಮಾತ್ರೆಗಳು ಗರ್ಭಿಣಿ ತಿಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಮಗು ಬಯಸುವ ಹೆಣ್ಣುಮಕ್ಕಳು ಇದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು.

ಮಂಡಿನೋವಿಗೆಂದು ಅಂಗಡಿಯಿಂದ ತಂದು ತಿನ್ನುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೂ ಹೊರೆ. 'ಬಿಪಿಯವರ ಉಪ್ಪು' ಎಂದು ಮಾರುವ ಪೊಟ್ಯಾಸಿಯಂ ಉಪ್ಪನ್ನು ಟೆಲ್ಮಿಸಾರ್ಟಾನ್ ಜೊತೆ ಕೇಳದೆ ಬಳಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಅತಿಯಾಗಿ ಹೃದಯಕ್ಕೆ ತೊಂದರೆಯಾಗಬಹುದು. ಕಾಲು ಊದಿದರೆ ಆಮ್ಲೊಡಿಪಿನ್, ಒಣಕೆಮ್ಮು ಬಿಡದಿದ್ದರೆ ಎನಾಲಾಪ್ರಿಲ್ ಅಥವಾ ರಾಮಿಪ್ರಿಲ್ ಕಾರಣವಿರಬಹುದು. ಆಗ ಮಾತ್ರೆ ಎಸೆಯಬೇಡಿ, ಬೇರೆ ಮಾತ್ರೆ ಕೇಳಿ ಪಡೆಯಿರಿ. ಒಂದು ಹೊತ್ತಿನ ಮಾತ್ರೆ ಮರೆತರೆ ಮರುದಿನ ಎರಡು ನುಂಗಬೇಡಿ.

ಹಳೆಯ ಸ್ಟ್ರಿಪ್ ತೋರಿಸಿ ವರ್ಷಗಟ್ಟಲೆ ಅದೇ ಮಾತ್ರೆ ತರಿಸುವವರೂ ಇದ್ದಾರೆ. ಬಿಪಿ ಅಳೆಸದೆ, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸದೆ ಮಾತ್ರೆ ನುಂಗುತ್ತಾ ಹೋಗುವುದೂ ಅಪಾಯವೇ.

ಹಕೀಮರಿಗೂ ಹೇಳಿ, ಡಾಕ್ಟರಿಗೂ ಹೇಳಿ

ಯುನಾನಿ ನಮ್ಮ ಹಿರಿಯರ ಆಸ್ತಿ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆಯೇ ಇದೆ. ಹೀಗಿರುವಾಗ "ಇಂಗ್ಲಿಷ್ ಮದ್ದು ಬಿಡಿ, ಗಿಡಮೂಲಿಕೆಗೆ ಅಡ್ಡ ಪರಿಣಾಮವಿಲ್ಲ" ಎಂಬ ಮಾತನ್ನು ನಂಬುವವರು ಒಂದು ಚರಿತ್ರೆ ತಿಳಿಯಬೇಕು.

ಬಿಪಿಯ ಹಳೆಯ ಔಷಧಗಳಲ್ಲೊಂದು ಹುಟ್ಟಿದ್ದು ನಮ್ಮದೇ ಸರ್ಪಗಂಧದ ಬೇರಿನಿಂದ. ಯುನಾನಿಯಲ್ಲಿ ಅದರ ಹೆಸರು ಅಸ್ರೋಲ್. ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ 1931ರಲ್ಲಿ ಆ ಬೇರಿನ ಸಾರವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಲ್ ವಕೀಲ್ ಬಿಪಿ ರೋಗಿಗಳ ಮೇಲೆ ಸರ್ಪಗಂಧದ ಪರಿಣಾಮವನ್ನು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಹೊರತೆಗೆಯಲಾಯಿತು. ಅದೇ ರೆಸರ್ಪಿನ್ ಅಳತೆ ಮೀರಿದಾಗ ಕೆಲವರ ಮನಸ್ಸು ಕುಗ್ಗಿ ಖಿನ್ನತೆಗೆ ಜಾರಿದ್ದೂ ಕಂಡುಬಂತು. ಬೇರಿಗೂ ಬಲವಿದೆ, ಬಲವಿದ್ದಲ್ಲಿ ಅಳತೆ ಬೇಕು. ಸರ್ಪಗಂಧ ಮತ್ತು ಬಿಪಿ ಮಾತ್ರೆ ಒಟ್ಟಿಗೆ ಸೇರಿದರೆ ಒತ್ತಡ ಅತಿಯಾಗಿ ಇಳಿಯಬಹುದು. ಕೆಮ್ಮಿಗೆ ಬಳಸುವ ಜ್ಯೇಷ್ಠಮಧು, ಅಂದರೆ ಮುಲೇಠಿ, ಹೆಚ್ಚಾದರೆ ಒತ್ತಡ ಏರಿಸುತ್ತದೆ. ಹಾಗಾಗಿ ಎರಡೂ ಕಡೆ ಏನನ್ನೂ ಬಚ್ಚಿಡಬೇಡಿ.

ಹಣದ ಮಾತು

ಮಾತ್ರೆ ಬಿಡಲು ಕೆಲವರಿಗೆ ಹಣವೇ ಕಾರಣ. ಅದರಲ್ಲೂ ತಾಯಂದಿರು ಮಕ್ಕಳ ಫೀಸು, ಮನೆ ಬಾಡಿಗೆ ಎಂದು ತಮ್ಮ ಮಾತ್ರೆಯನ್ನು ಕೊನೆಗೆ ತಳ್ಳುತ್ತಾರೆ, ಇಲ್ಲವೇ ದಿನ ಬಿಟ್ಟು ದಿನ ತಿನ್ನುತ್ತಾರೆ. ಇದಕ್ಕೆ ಕಾರಣವೇ ಇಲ್ಲ. ನಗರದ ನಮ್ಮ ಕ್ಲಿನಿಕ್ ಮತ್ತು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ ತಪಾಸಣೆ, ಮಾತ್ರೆ ಎರಡೂ ಉಚಿತ. ಜನೌಷಧಿ ಅಂಗಡಿಗಳಲ್ಲಿ ಅದೇ ಔಷಧ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಗಾರ್ಮೆಂಟ್ಸ್ ಕೆಲಸದಲ್ಲಿದ್ದು ಇಎಸ್ಐ ಕಾರ್ಡ್ ಇರುವವರಿಗೂ ಅವರ ಅವಲಂಬಿತರಿಗೂ ರಾಜಾಜಿನಗರದ ಇಎಸ್ಐ ಆಸ್ಪತ್ರೆ ಇದೆ. ಬ್ರಾಂಡ್ ಬದಲಾದಾಗ ಔಷಧದ ಹೆಸರು ಮತ್ತು ಮಿಲಿಗ್ರಾಂ ಚೀಟಿಯ ಜೊತೆ ಹೋಲಿಸಿ ನೋಡಿ.

ನಮ್ಮ ಜಮಾಅತ್‌ಗಳು ಏನು ಮಾಡಬಹುದು?

ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಯುತ್ತದೆ. ಬ್ಯಾನರ್, ಭಾಷಣ, ಫೋಟೋ, ಎಲ್ಲವೂ ಇರುತ್ತದೆ. ಬಿಪಿ ಇದೆ ಎಂದು ಚೀಟಿ ಬರೆದುಕೊಡುತ್ತಾರೆ. ಮುಂದಿನ ತಿಂಗಳು ಆ ವ್ಯಕ್ತಿಯನ್ನು ಕೇಳುವವರು ಯಾರು? ಬಿಪಿಗೆ ಬೇಕಿರುವುದು ಹಬ್ಬದಂಥ ಶಿಬಿರವಲ್ಲ, ತಿಂಗಳ ತಪಾಸಣೆ. ವಿಜಯನಗರದಿಂದ ಕೆಂಗೇರಿಯವರೆಗೆ ಪ್ರತಿ ಮಸೀದಿಯೂ ತಿಂಗಳ ಒಂದು ಜುಮಾ ನಂತರ ಒಂದು ಮೇಜು, ಒಂದು ಬಿಪಿ ಯಂತ್ರ, ಒಂದು ಪುಸ್ತಕ ಇಡಲಿ. ಮಹಿಳೆಯರಿಗೆ ಬೇರೆ ದಿನ ಬೇರೆ ಜಾಗದಲ್ಲಿ ವ್ಯವಸ್ಥೆಯಾಗಲಿ, ಯಾಕೆಂದರೆ ಜುಮಾಕ್ಕೆ ಬರುವವರು ಗಂಡಸರು ಮಾತ್ರ. ಈ ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ನಮ್ಮ ಸಮುದಾಯದ ನರ್ಸಿಂಗ್, ಫಾರ್ಮಸಿ ವಿದ್ಯಾರ್ಥಿಗಳು ಸಂತೋಷದಿಂದ ಬಂದಾರು.

ಮನೆಯಲ್ಲಿ ಅಳೆಯುವವರು ಚಹಾ ಕುಡಿದ ಅರ್ಧ ಗಂಟೆಯೊಳಗೆ ಅಳೆಯಬೇಡಿ. ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಎರಡು ಸಲ ಅಳೆದು ಬರೆದಿಡಿ. ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚ, ಅಂದರೆ 5 ಗ್ರಾಂಗಿಂತ ಹೆಚ್ಚು ಉಪ್ಪು ಬೇಡ. ಬಿರಿಯಾನಿ, ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಈ ಲೆಕ್ಕದಲ್ಲೇ ಬರುತ್ತದೆ. ಮುಖ ಸೊಟ್ಟಗಾದರೆ, ಒಂದು ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ, ಎದೆ ಒತ್ತಿ ಹಿಡಿದಂತಾದರೆ ತಕ್ಷಣ 108ಕ್ಕೆ ಕರೆ ಮಾಡಿ. ನಾಲಗೆಯ ಕೆಳಗೆ ಯಾರದೋ ಮಾತ್ರೆ ಇಟ್ಟು ಕಾಯುತ್ತಾ ಕೂರಬೇಡಿ.

ಈಗ ನಮ್ಮ ಮನೆಯಲ್ಲಿ ಮಾತ್ರೆಯ ಡಬ್ಬಿ ಕಪಾಟಿನಲ್ಲಿಲ್ಲ, ಊಟದ ಜಾಗದಲ್ಲಿದೆ. ಹತ್ತು ವರ್ಷದ ನನ್ನ ಮಗಳು ರಾತ್ರಿ ಇಶಾ ನಂತರ ಅಜ್ಜಿಯ ಮುಂದೆ ನೀರಿನ ಲೋಟ ಹಿಡಿದು ನಿಲ್ಲುತ್ತಾಳೆ. ಆ ಒಂದು ಪ್ರಶ್ನೆಯನ್ನು ನಾವು ತಡವಾಗಿ ಕಲಿತೆವು. ನೀವು ಇವತ್ತೇ ಕೇಳಿ.