ಗೋಡೆಯಿಲ್ಲದ ಹಜಾರ ಮತ್ತು ನಮ್ಮ ಕಿವಿ

ನಗರಗಳಲ್ಲಿ ಈಗ ಕಟ್ಟುತ್ತಿರುವ ಮನೆಗಳಲ್ಲಿ ಒಳಗೋಡೆಗಳು ಒಂದೊಂದಾಗಿ ಮಾಯವಾಗುತ್ತಿವೆ. ಅಡಿಗೆಮನೆ, ಊಟದ ಸ್ಥಳ, ಪಡಸಾಲೆ ಇವು ಮೂರೂ ಕೂಡಿ ಒಂದೇ ವಿಶಾಲವಾದ ಹಜಾರವಾಗುತ್ತಿವೆ. ಅಡಿಗೆ ಮಾಡುವವರು ಮನೆಮಂದಿಯ ಮಾತುಕತೆಯಿಂದ ದೂರವಾಗಿ ಮೂಲೆಯಲ್ಲಿ ದುಡಿಯುವುದು ಇದರಿಂದ ತಪ್ಪುತ್ತದೆ. ಅದು ಸಂತೋಷದ ಸಂಗತಿಯೇ. ಆದರೆ ಇಂತಹ ಹಜಾರವನ್ನು ಸಜ್ಜುಗೊಳಿಸುವಾಗ ನಮ್ಮ ಜನ ಕಣ್ಣಿನ ಮಾತನ್ನು ಮಾತ್ರ ಕೇಳುತ್ತಾರೆ, ಕಿವಿಯನ್ನು ವಿಚಾರಿಸುವುದೇ ಇಲ್ಲವೆಂಬುದು ನಮ್ಮ ಆಕ್ಷೇಪಣೆ.

ತೆರೆದ ವಿನ್ಯಾಸಕ್ಕೆ ಹೆಸರಾದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. ೧೯೧೦ರಲ್ಲಿ ಷಿಕಾಗೋ ನಗರದಲ್ಲಿ ಪೂರ್ಣಗೊಂಡ ರೋಬಿ ಮನೆಯಲ್ಲಿ ಅವರು ಪಡಸಾಲೆಗೂ ಊಟದ ಸ್ಥಳಕ್ಕೂ ನಡುವೆ ಅಗ್ಗಿಷ್ಟಿಕೆಯೊಂದನ್ನೇ ನಿಲ್ಲಿಸಿದರು. ಆದರೆ ಅಡಿಗೆಮನೆಯನ್ನು ಅವರೂ ಬೇರೆಯೇ ಇರಿಸಿದ್ದರೆಂಬುದನ್ನು ಗಮನಿಸಬೇಕು.

ಕೊಠಡಿಯ ಧ್ವನಿಯನ್ನು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸೇಬಿನ್. ಅಲ್ಲಿಯ ಒಂದು ಹೊಸ ಉಪನ್ಯಾಸ ಮಂದಿರದಲ್ಲಿ ಮಾತು ಕಲಸಿಹೋಗಿ ಅರ್ಥವಾಗುತ್ತಿರಲಿಲ್ಲ. ೧೮೯೫ರಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡ ಸೇಬಿನ್ನರು ರಂಗಮಂದಿರದ ಆಸನಗಳ ಮೆತ್ತೆಗಳನ್ನು ತರಿಸಿ ಹರಡಿ, ಆರ್ಗನ್ ಕೊಳವೆಯ ನಾದವು ನಿಂತ ಮೇಲೂ ಎಷ್ಟು ಹೊತ್ತು ಕೇಳುವುದೆಂದು ರಾತ್ರಿಯ ವೇಳೆ ಅಳೆದರು. ಬರಿದಾದ ಮಂದಿರದಲ್ಲಿ ಅದು ಸುಮಾರು ೫.೫ ಸೆಕೆಂಡು ಉಳಿಯುತ್ತಿತ್ತು. ಹೀಗೆ ಉಳಿಯುವ ಧ್ವನಿಯೇ ಅನುರಣನ. ಕೊಠಡಿ ದೊಡ್ಡದಾದಷ್ಟೂ ಅದು ದೀರ್ಘ. ಧ್ವನಿಯನ್ನು ಹೀರುವ ವಸ್ತು ಹೆಚ್ಚಿದಷ್ಟೂ ಹ್ರಸ್ವ. ಹೀರಿಕೆಗೆ ಅವರು ಹಿಡಿದ ಅಳತೆ ತೆರೆದ ಕಿಟಕಿ. ಏಕೆಂದರೆ ಅದರ ಮೂಲಕ ಹೊರಟ ಧ್ವನಿ ಮರಳಿ ಬರುವುದಿಲ್ಲ.

೮ ಮೀಟರು ಉದ್ದ, ೫ ಮೀಟರು ಅಗಲ, ೩ ಮೀಟರು ಎತ್ತರದ ಒಂದು ಬರಿಯ ಹಜಾರವನ್ನು ತೆಗೆದುಕೊಳ್ಳೋಣ. ಇದರ ಘನಫಲ ೧೨೦ ಘನ ಮೀಟರು. ನೆಲ, ತಾರಸಿ, ಗೋಡೆಗಳ ಒಟ್ಟು ವಿಸ್ತೀರ್ಣ ೧೫೮ ಚದರ ಮೀಟರು. ನುಣುಪಾದ ಟೈಲು ಮತ್ತು ಗಾರೆ ನೂರಕ್ಕೆ ೩ ಪಾಲು ಧ್ವನಿಯನ್ನು ಹೀರುತ್ತವೆಂದು ಇಟ್ಟುಕೊಂಡರೆ, ಅವೆಲ್ಲವೂ ೪.೭ ಚದರ ಮೀಟರಿನ ತೆರೆದ ಕಿಟಕಿಗೆ ಸಮ. ಘನಫಲವನ್ನು ೦.೧೬೧ರಿಂದ ಗುಣಿಸಿ ೪.೭ರಿಂದ ಭಾಗಿಸಿದರೆ ಅನುರಣನ ಕಾಲ ಸುಮಾರು ೪ ಸೆಕೆಂಡು! ಮಾತು ಸ್ಪಷ್ಟವಾಗಿರಲು ಅದು ಒಂದು ಸೆಕೆಂಡಿಗಿಂತ ಕಡಿಮೆಯಿದ್ದರೆ ಒಳ್ಳೆಯದು.

ಇಂತಹ ಹಜಾರದ ಒಂದು ತುದಿಯಲ್ಲಿ ಮಿಕ್ಸಿ ತಿರುಗುತ್ತದೆ. ಇನ್ನೊಂದೆಡೆ ಟೆಲಿವಿಷನ್ ಮಾತನಾಡುತ್ತದೆ. ಮೂಲೆಯ ಮೇಜಿನಲ್ಲಿ ಹುಡುಗಿಯೊಬ್ಬಳು ಪರೀಕ್ಷೆಗೆ ಓದುತ್ತಾಳೆ. ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗ ಧ್ವನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಧ್ವನಿ ಮರಳಿ ಮರಳಿ ತುಂಬುವ ಹಜಾರದಲ್ಲಿ ಆ ಅನುಕೂಲ ದೊರೆಯದು. ಮೇಜನ್ನು ಇನ್ನೆರಡು ಮೀಟರು ಸರಿಸಿದರೂ ಗದ್ದಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅವಳಿಗೆ ಏಕಾಗ್ರತೆಯಿಲ್ಲವೆಂದು ಹಿರಿಯರು ಗದರುವುದು ನ್ಯಾಯವಲ್ಲ. ದೋಷ ಕೊಠಡಿಯದು.

ಪರಿಹಾರ ದುಬಾರಿಯೇನಲ್ಲ. ತನ್ನ ಮೇಲೆ ಬಿದ್ದ ಧ್ವನಿಯ ಅರ್ಧವನ್ನು ಹೀರುವ ದಪ್ಪ ಪರದೆಯನ್ನು ೧೦ ಚದರ ಮೀಟರಿನಷ್ಟು ನೆರಿಗೆಗಟ್ಟಿ ತೂಗಿಬಿಟ್ಟರೆ ಅನುರಣನ ೨ ಸೆಕೆಂಡಿಗೆ ಇಳಿಯುತ್ತದೆ. ಜಮಖಾನ, ಹತ್ತಿಯ ಮೆತ್ತೆ, ಪುಸ್ತಕ ತುಂಬಿದ ಕಪಾಟು ಇವು ಅದನ್ನು ಇನ್ನಷ್ಟು ತಗ್ಗಿಸುತ್ತವೆ. ಆದರೆ ಹೀರುವುದು ಬೇರೆ, ತಡೆಯುವುದು ಬೇರೆ. ಮಿಕ್ಸಿಯಿಂದ ನೇರವಾಗಿ ಬರುವ ಧ್ವನಿಯನ್ನು ತಡೆಯಲು ಭಾರವುಳ್ಳ ಗೋಡೆಯೇ ಬೇಕು. ಆದುದರಿಂದ ಎಷ್ಟೇ ಗೋಡೆಗಳನ್ನು ತೆಗೆದರೂ ಬಾಗಿಲುಳ್ಳ ಚಿಕ್ಕ ಕೋಣೆಯೊಂದನ್ನು ಓದುವವರಿಗಾಗಿ ಉಳಿಸಲೇಬೇಕೆಂದು ನಾವು ಹೇಳುತ್ತೇವೆ.

ಗೋಡೆ ತೆಗೆದರೆ ಗಾಳಿ ಬೆಳಕು ಬರುವುದಲ್ಲವೆ ಎಂದು ಕೆಲವರು ಕೇಳಬಹುದು. ನಮ್ಮ ನಾಡಿನ ತೊಟ್ಟಿಯ ಮನೆಯೂ ತೆರೆದ ಮನೆಯೇ. ಆದರೆ ಅದರ ನಡುವೆ ಆಕಾಶಕ್ಕೆ ತೆರೆದ ತೊಟ್ಟಿಯಿತ್ತು. ಸೇಬಿನ್ನರ ಅಳತೆಯಲ್ಲಿ ಅದು ಬಹು ದೊಡ್ಡ ಕಿಟಕಿ. ಬಿಸಿಗಾಳಿಗೂ ಗದ್ದಲಕ್ಕೂ ಅದೇ ದಾರಿ. ಸುತ್ತಲಿನ ಕೋಣೆಗಳಿಗೆ ಬಾಗಿಲುಗಳೂ ಇದ್ದವು. ತಾರಸಿ ಮುಚ್ಚಿದ ಹಜಾರಕ್ಕೆ ಆ ಹಿರಿಮೆ ತಾನಾಗಿ ಬಾರದು.

ವಿದ್ಯಾರ್ಥಿಗಳು ತಮ್ಮ ಮನೆಯ ಹಜಾರದಲ್ಲಿ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ ಕಿವಿಗೊಡಲಿ. ಹಾಸಿಗೆ, ಜಮಖಾನಗಳನ್ನು ತಂದು ಹರಡಿ ಮತ್ತೊಮ್ಮೆ ತಟ್ಟಲಿ. ಕೇಳಿಬಂದ ವ್ಯತ್ಯಾಸವನ್ನು, ಗೋಡೆ ಒಡೆಯುವ ಮಾತು ಮನೆಯಲ್ಲಿ ಬರುವ ಮೊದಲೇ ತಂದೆತಾಯಿಗಳಿಗೆ ತಿಳಿಸಲಿ.