ಫೋಟೊ ನೋಡಿ ‘ಹೂಂ, ತುಂಬೇನೇ’ ಅನ್ನಬೇಡಿ

ಮಳೆಗಾಲ ಶುರುವಾದರೆ ಸಾಕು, ಊರಿನ ಫೋನುಗಳಿಗೆ ಬೆಂಗಳೂರಿನಿಂದ ಗಿಡಗಳ ಫೋಟೊ ಬರೋಕೆ ಶುರುವಾಗುತ್ತವೆ. ಪಕ್ಕದ ಖಾಲಿ ಸೈಟಲ್ಲಿ ಬೆಳೆದದ್ದು, ಪಾರ್ಕಿನ ಬೇಲಿ ಕೆಳಗೆ ಕಂಡದ್ದು, ಮೆಟ್ರೊ ಕಂಬದ ಬುಡದಲ್ಲಿ ಹುಟ್ಟಿದ್ದು. ಜೊತೆಗೊಂದು ಪ್ರಶ್ನೆ: “ಅಮ್ಮಾ, ಇದು ತುಂಬೆ ತಾನೆ? ಮಗೂಗೆ ನೆಗಡಿ.” ಅಮ್ಮ ಕನ್ನಡಕ ಹುಡುಕಿ, ಫೋಟೊ ಹಿಗ್ಗಿಸಿ ನೋಡಿ, “ಹೂಂ ಕಣೆ, ತುಂಬೇನೇ” ಅಂತ ಕಳಿಸ್ತಾರೆ. ಅಲ್ಲಿ ಅಷ್ಟೊತ್ತಿಗೆ ಒಲೆ ಮೇಲೆ ನೀರು ಕಾಯ್ತಾ ಇರುತ್ತದೆ.

ನನ್ನ ತಕರಾರು ಆ ‘ಹೂಂ’ ಬಗ್ಗೆ. ನಾವು ಹೇಳೋದು ಬರೀ ಗಿಡದ ಹೆಸರು. ಪಟ್ಟಣದಲ್ಲಿರುವ ಮಗಳಿಗೆ ಅದು ‘ಕಿತ್ತು ಕುದಿಸು’ ಅಂತ ಕೇಳಿಸುತ್ತದೆ. ಹಾಗಾಗಿ ಉತ್ತರ ಕೊಡೋಕೆ ಮುಂಚೆ ನಾವೇ ನಾಲ್ಕು ಪ್ರಶ್ನೆ ಕೇಳಬೇಕು. ಗಿಡ ಗೊತ್ತಿರುವವರು ನಾವು, ಹಾಗಾಗಿ ಜವಾಬ್ದಾರಿಯೂ ನಮ್ಮದೇ.

ತುಂಬೆ, ತುಳಸಿ, ಪುದೀನ, ದೊಡ್ಡಪತ್ರೆ, ಕಾಮಕಸ್ತೂರಿ, ಮರುಗ, ಇವೆಲ್ಲ ಒಂದೇ ಮನೆತನದ ಗಿಡಗಳು. ಪುದೀನ ಕುಟುಂಬ ಅಂತ ಕರೀತಾರೆ. ಪ್ರಪಂಚದಲ್ಲಿ ಸುಮಾರು 7,000 ಜಾತಿಗಳಿವೆ. ಸಂತೆಯ ಹೂವಿನ ಬುಟ್ಟಿಯಲ್ಲಿ ಮರುಗದ ಪಕ್ಕದಲ್ಲೇ ಕೂರುವ ದವನ ಮಾತ್ರ ಈ ಮನೆಯದಲ್ಲ, ಅದು ಸೂರ್ಯಕಾಂತಿ, ಸೇವಂತಿಗೆಯ ಕಡೆಯದು. ಇತ್ತ ಬೇಲಿಯ ಲಕ್ಕಿ ಗಿಡವನ್ನೂ, ಅಷ್ಟೆತ್ತರದ ತೇಗದ ಮರವನ್ನೂ ಸಸ್ಯಶಾಸ್ತ್ರದವರು ಈಗ ಪುದೀನದ ಕುಟುಂಬಕ್ಕೇ ಸೇರಿಸಿದ್ದಾರೆ. ಮೂಸಿ ನೋಡಿ ನೆಂಟಸ್ತಿಕೆ ಹೇಳೋದು ಎಷ್ಟು ಕಷ್ಟ ಅಂತ ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ಫೋನಲ್ಲಿ ಏನು ಕೇಳಬೇಕು?

ಮೊದಲನೇದು, ಕಾಂಡ. ಎಳೇ ಕಾಂಡವನ್ನು ಹೆಬ್ಬೆರಳು, ತೋರುಬೆರಳ ನಡುವೆ ಉರುಳಿಸೋಕೆ ಹೇಳಿ. ನುಣ್ಣಗೆ ಉರುಳಿದರೆ ದುಂಡು. ಕಟಕಟ ಅಂತ ಅಂಚು ಸಿಕ್ಕರೆ ಚೌಕ. ಪುದೀನ, ತುಳಸಿ, ತುಂಬೆ ಎಲ್ಲದರ ಕಾಂಡವೂ ಚೌಕ. ಆಮೇಲೆ ಎಲೆ. ಒಂದು ಗೆಣ್ಣಿನಲ್ಲಿ ಎರಡೆಲೆ ಎದುರುಬದುರು ಇರಬೇಕು, ಅದರ ಮೇಲಿನ ಜೋಡಿ ಅದಕ್ಕೆ ಅಡ್ಡವಾಗಿ ಬರಬೇಕು. ನೆತ್ತಿಯ ಮೇಲಿಂದ ನೋಡಿದರೆ ಕೂಡಿಸೋ ಗುರುತಿನ ಹಾಗೆ ಕಾಣುತ್ತದೆ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ‘ಕಾಂಡ ಚೌಕ ಇದ್ದು ಘಮ ಇದ್ದರೆ ಔಷಧಿ ಗಿಡ’ ಅನ್ನೋ ಮಾತು ನಿಮ್ಮ ಗ್ರೂಪಿಗೂ ಬಂದಿರಬಹುದು. ಈ ಮಾತು ಅಪಾಯದ್ದು. ಲಂಟಾನ ನೋಡಿ. ಕಾಂಡ ಚೌಕ, ಎಲೆ ಎದುರುಬದುರು, ತಿಕ್ಕಿದರೆ ಮೂಗಿಗೆ ಹೊಡೆಯುವ ವಾಸನೆ. ಮೂರೂ ಪರೀಕ್ಷೆಯಲ್ಲಿ ಪಾಸ್! ಆದರೆ ಅದು ಬೇರೆ ಕುಟುಂಬ. ಅದನ್ನು ಮೇಯ್ದ ದನ, ಕುರಿಗಳ ಲಿವರ್ ಕೆಡುತ್ತದೆ, ಬಿಸಿಲು ತಾಗಿದ ಕಡೆ ಚರ್ಮ ಸುಲಿಯುತ್ತದೆ. ದನ ಸಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೂವಿಲ್ಲದ ಎಳೇ ಲಂಟಾನ ಬೆಂಗಳೂರಿನ ಕಾಂಪೌಂಡ್ ಪಕ್ಕ ಕಂಡರೆ ಅದನ್ನು ಬಿಡಿಸಿ ಹೇಳೋರು ಬೇಕಲ್ಲ.

ಆದ್ದರಿಂದ ಹೂವು ಕೇಳಿ. ಅದೂ ಪಕ್ಕದಿಂದ, ಹತ್ತಿರದಿಂದ ತೆಗೆದ ಫೋಟೊ. ಈ ಕುಟುಂಬದ ಹೆಚ್ಚಿನ ಗಿಡಗಳ ಹೂವಿಗೆ ತುಟಿಯಂಥ ಎರಡು ಭಾಗ ಇರುತ್ತವೆ. ಹಿಂದೆ ಸಸ್ಯಶಾಸ್ತ್ರದಲ್ಲಿ ಈ ಕುಟುಂಬಕ್ಕಿದ್ದ ಹೆಸರೂ ತುಟಿಯಿಂದಲೇ ಬಂದದ್ದು. ತುಂಬೆಯಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಕೆಳತುಟಿ ಅಗಲವಾಗಿ ಹಾಸಿಕೊಂಡಿರುತ್ತದೆ, ಮೇಲ್ತುಟಿ ಚಿಕ್ಕದಾಗಿ ಬಾಗಿ, ಬಿಳೀ ರೋಮದ ಟೊಪ್ಪಿಗೆ ಹಾಕಿದ ಹಾಗಿರುತ್ತದೆ. ಹೂವುಗಳು ಗೆಣ್ಣಿನ ಸುತ್ತ ಚೆಂಡು ಕಟ್ಟಿಕೊಂಡಿರುತ್ತವೆ. ಲಂಟಾನದ್ದು ಹೀಗಿಲ್ಲ. ಬಣ್ಣಬಣ್ಣದ ಪುಟ್ಟ ಹೂಗಳ ಗೊಂಚಲು, ಆಮೇಲೆ ಕಪ್ಪಗೆ ಹಣ್ಣಾಗುವ ಕಾಯಿ.

ತುಟಿಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ನೆಲಬೇವಿನ ಕಾಂಡವೂ ಚೌಕ, ಎಲೆಯೂ ಎದುರುಬದುರು, ಹೂವಿಗೂ ಎರಡು ತುಟಿ. ಆದರೂ ಅದು ಪುದೀನದ ಕುಟುಂಬದ್ದಲ್ಲ. ವ್ಯತ್ಯಾಸ ಕಾಯಿಯಲ್ಲಿ ಸಿಗುತ್ತದೆ. ನೆಲಬೇವಿಗೆ ಉದ್ದನೆಯ ಕಾಯಿ ಬಿಟ್ಟು, ಒಣಗಿದ ಮೇಲೆ ಎರಡು ಹೋಳಾಗಿ ಸಿಡಿಯುತ್ತದೆ. ತುಂಬೆ, ತುಳಸಿಯಲ್ಲಿ ಹೂ ಉದುರಿದ ಮೇಲೆ ಉಳಿಯುವ ಪುಟ್ಟ ಬಟ್ಟಲಿನ ತಳದಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜ ಕೂತಿರುತ್ತವೆ. ಈ ನಾಲ್ಕು ಬೀಜದ ಗುರುತು ವಾಸನೆಗಿಂತ ಎಷ್ಟೋ ಗಟ್ಟಿ.

ಇನ್ನು ಹೆಸರಿನ ರಗಳೆ. ‘ನಾಯಿತುಳಸಿ’ ಅಂದರೆ ಕೆಲವು ಕಡೆ ತುಳಸಿಯ ದಾಯಾದಿ ಗಿಡ. ಇನ್ನು ಕೆಲವು ಕಡೆ ರಸ್ತೆ ಬದಿ, ರೈಲು ಹಳಿ ಬದಿ ಆಳೆತ್ತರ ಬೆಳೆಯುವ, ಮಾಸಲು ನೇರಳೆ ಹೂವಿನ, ಬಟ್ಟೆಗೆ ಅಂಟುವ ಬೇರೊಂದು ಗಿಡ. ಅದು ಅಮೆರಿಕ ಖಂಡದಿಂದ ಬಂದ ಕಳೆ, ಸಸ್ಯಶಾಸ್ತ್ರದ ಹೆಸರು ಹಿಪ್ಟಿಸ್. ಎರಡೂ ಪುದೀನದ ಕುಟುಂಬದವೇ. ಹಿಪ್ಟಿಸ್ ಬೀಜ ನೀರಿಗೆ ಹಾಕಿದರೆ ಕಾಮಕಸ್ತೂರಿ ಬೀಜದ ಹಾಗೇ ಲೋಳೆಯಾಗುತ್ತದೆ ಬೇರೆ. ಊರಲ್ಲಿ ಅತ್ತೆ ಹೇಳಿದ ನಾಯಿತುಳಸಿ ಒಂದಾಗಿ, ಪಟ್ಟಣದಲ್ಲಿ ಸೊಸೆ ಕಿತ್ತ ನಾಯಿತುಳಸಿ ಇನ್ನೊಂದಾಗೋಕೆ ಏನೂ ಕಷ್ಟವಿಲ್ಲ. ಇಲ್ಲಿ ಮೊಬೈಲ್ ಆ್ಯಪ್ ಒಂದಿಷ್ಟು ಸಹಾಯಕ್ಕೆ ಬರುತ್ತದೆ, ಎಲ್ಲ ಊರಿಗೂ ಒಂದೇ ಆಗುವ ವೈಜ್ಞಾನಿಕ ಹೆಸರು ಕೊಡುತ್ತದೆ. ಆದರೆ ಆ್ಯಪ್ ಫೋಟೊ ನೋಡಿ ಊಹೆ ಮಾಡುತ್ತದೆ. ಅದು ಕಾಂಡ ಉರುಳಿಸಿಲ್ಲ, ಬೀಜ ಎಣಿಸಿಲ್ಲ. ಅದರ ಮಾತನ್ನು ಚಾಡಿಮಾತಿನಷ್ಟೇ ನಂಬಿ.

ಸರಿ, ನಾಲ್ಕೂ ಕೇಳಿದಿರಿ, ಗಿಡ ನಿಜವಾಗಲೂ ತುಂಬೆಯೇ ಅಂತ ಆಯ್ತು. ಆಗಲೂ ಬಾಕಿ ಉಳಿಯುವ ಪ್ರಶ್ನೆ: ಎಲ್ಲಿ ಬೆಳೆದದ್ದು?

ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೂ ಮುಂಚೆ ದಶಕಗಟ್ಟಲೆ ಹೊಗೆಯಲ್ಲಿ ಬಂದ ಸೀಸ ರಸ್ತೆ ಬದಿಯ ಮೇಲ್ಮಣ್ಣಿಗೆ ಬಿದ್ದಿದೆ. ಸೀಸ ಎಲೆ, ಸಗಣಿಯ ಹಾಗೆ ಕೊಳೆತು ಹೋಗುವ ವಸ್ತುವಲ್ಲ. ಎಲೆ ತೊಳೆದರೆ ಮೇಲಿನ ಧೂಳು ಹೋಗಬಹುದು, ಒಳಗೆ ಸೇರಿದ್ದು ಹೋಗಲ್ಲ, ಕುದಿಸಿದರೂ ಹೋಗಲ್ಲ. ಸೀಸದ ಪೆಟ್ಟು ಹೆಚ್ಚು ಬೀಳೋದು ಚಿಕ್ಕ ಮಕ್ಕಳ ಮಿದುಳಿಗೆ. ಫೋಟೊ ಕಳಿಸಿದ ಮಗಳು ಕಷಾಯ ಮಾಡ್ತಿರೋದು ಯಾರಿಗೆ ಅಂತ ನೆನಪಿಸಿಕೊಳ್ಳಿ.

ಕಳೆನಾಶಕದ ಕಥೆ ನಿಮಗೇ ಚೆನ್ನಾಗಿ ಗೊತ್ತು. ಗ್ಲೈಫೋಸೇಟ್ ಹೊಡೆದ ಮೇಲೂ ಗಿಡ ಕೆಲವು ದಿನ ಹಸಿರಾಗಿಯೇ ನಿಂತಿರುತ್ತದೆ. ಇದನ್ನು ಕೀಟ ನಿಯಂತ್ರಣ ಮಾಡುವ ಪರವಾನಗಿದಾರರು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ಆದರೆ ಖಾಲಿ ಸೈಟಿನ ಕಳೆಗೆ ನಿನ್ನೆ ಯಾರು ಏನು ಹೊಡೆದರು ಅಂತ ಪಕ್ಕದ ಬಾಡಿಗೆ ಮನೆಯವರಿಗೆ ಹೇಳೋರು ಯಾರೂ ಇಲ್ಲ. ರಾಜಕಾಲುವೆ ದಂಡೆ, ನಾಯಿಗಳು ಕಾಲೆತ್ತುವ ಮೂಲೆ, ಇವನ್ನು ನಾನು ಬಿಡಿಸಿ ಹೇಳಲ್ಲ.

“ಊರಲ್ಲೂ ಔಷಧಿ ಹೊಡೀತಾರಲ್ಲ” ಅನ್ನಬಹುದು. ಹೊಡೀತಾರೆ. ಆದರೆ ಯಾರ ಹೊಲ, ಯಾವತ್ತು ಹೊಡೆದರು, ಯಾವ ಬದು ಬಿಟ್ಟರು ಅನ್ನೋದು ನಿಮಗೆ ಗೊತ್ತಿರುತ್ತದೆ. ನಮ್ಮ ಅಜ್ಜಿಯಂದಿರು ಸೊಪ್ಪು ಕೀಳುವಾಗ ಗಿಡದ ಜೊತೆ ಜಾಗವನ್ನೂ ಗುರುತಿಸುತ್ತಿದ್ದರು. ‘ಆ ತೋಡಿನ ಪಕ್ಕದ್ದು ಬೇಡ, ಮೇಲಿನ ದಿಣ್ಣೆಯದು ತಾ’ ಅನ್ನೋದು ಅರ್ಧ ವಿದ್ಯೆ. ಫೋಟೊದಲ್ಲಿ ಆ ಅರ್ಧ ಬರೋದೇ ಇಲ್ಲ.

ಹಾಗಂತ ಮಕ್ಕಳಿಗೆ ‘ಮುಟ್ಟಬೇಡಿ’ ಅಂತ ಹೆದರಿಸೋದು ನನಗಿಷ್ಟವಿಲ್ಲ. ಪಟ್ಟಣದ ಮಗು ಕಾಂಡ ಉರುಳಿಸಿ ‘ಚೌಕ!’ ಅಂತ ಕೂಗಲಿ, ಹೂವಿನ ತುಟಿ ನೋಡಲಿ, ತುಂಬೆಗೆ ಬರೋ ಚಿಟ್ಟೆ ಎಣಿಸಲಿ. ಆಮೇಲೆ ಕೈ ತೊಳೆಯಲಿ. ಬಾಯಿಗೆ ಬೇಕಾದದ್ದು ಮಾತ್ರ ಮನೆಯಲ್ಲೇ ಬೆಳೀಲಿ. ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ನೆಟ್ಟರೆ ಚಿಗುರುತ್ತದೆ, ಹಬ್ಬಕ್ಕೆ ಬಂದವರ ಬ್ಯಾಗಿನಲ್ಲಿ ಕಳಿಸಿ. ತುಂಬೆಗೆ ಬೀಜವೇ ಬೇಕು. ಹೂ ಮುಗಿದು ಗೆಣ್ಣಿನ ಚೆಂಡು ಕಂದು ಬಣ್ಣಕ್ಕೆ ತಿರುಗಿದಾಗ ಕಿತ್ತು, ಅಂಗೈ ಮೇಲೆ ತಲೆಕೆಳಗಾಗಿ ಹಿಡಿದು ತಟ್ಟಿ. ಉದುರಿದ್ದನ್ನು ಕಾಗದದಲ್ಲಿ ಮಡಚಿ, ನಿಮ್ಮ ಹಿತ್ತಲ ಮಣ್ಣು ಒಂದು ಬೊಗಸೆ ಜೊತೆಗೆ ಕೊಟ್ಟು ಕಳಿಸಿ.